ದರೋಡೆಕೋರನ ಎಡತೊಡೆ

1987ರ ಜುಲೈ 14, ಮಂಗಳವಾರ, ಬೆಳಗ್ಗೆ 9 ಗಂಟೆ 10 ನಿಮಿಷಕ್ಕೆ ಕಾಲೇಜಿನ ಅಂಗರಚನಾ ವಿಭಾಗದ ಟೈಪಿಸ್ಟ್ ಅಕ್ಕ ಕಿಟಕಿ ತೆರೆದರು. 9 ಗಂಟೆ 12 ನಿಮಿಷಕ್ಕೆ ಬೀದಿನಾಯಿಯೊಂದು, ಅಟೆಂಡರ್ ತೊಳೆದು ಅಲ್ಲಿ ಒಣಗಲಿಟ್ಟಿದ್ದ ಮೂಳೆಯನ್ನು ಕಚ್ಚಿಕೊಂಡು ಓಡಿತು.

ನೂರು ವರ್ಷದ ಹಿಂದೆ ಗಲ್ಲಿಗೇರಿದ ಕುಖ್ಯಾತ ದರೋಡೆಕೋರನದೆಂದು ಜೈಲಿನ ಹಿತ್ತಲಲ್ಲಿ ಅಗೆದು ತಂದಿದ್ದ ಎಡತೊಡೆಯ ಮೂಳೆ ಅದು. ಸಿಕ್ಕಿದ್ದು ಅದೊಂದೇ. ಅವನದು ಹೌದೋ ಅಲ್ಲವೋ ಎಂದು ಹೇಳಲು ಹನ್ನೊಂದಕ್ಕೆ ತಜ್ಞರು ಬರುವವರಿದ್ದರು. ಅಟೆಂಡರನ ಹಂಗಾಮಿ ನೌಕರಿಗೂ ಹನ್ನೊಂದು ವರ್ಷ; ಕಾಯಂ ಆದೇಶ ಪ್ರಿನ್ಸಿಪಾಲರ ಮೇಜಿನ ಮೇಲೆ ಸಂಜೆಯ ಸಹಿಗೆ ಕಾದಿತ್ತು.

ಅವನು ನಾಯಿಯ ಹಿಂದೆ ಮೂರು ಸುತ್ತು ಓಡಿ, ಒಂದು ಚಪ್ಪಲಿ ಕಳೆದುಕೊಂಡು, ಪಂಕ್ಚರಾದ ಸೈಕಲ್ಲಿನಂತೆ ಉಸ್ಸೆನ್ನುತ್ತ ಬಂದ.

"ಗಾಳಿ ಬರ್ಲಿ ಅಂತ ತೆಗೆದೆ ಕಣಪ್ಪಾ. ಮೂಳೆನ ಯಾರಾದ್ರೂ ಬಟ್ಟೆ ಥರ ಒಣಗ್ಹಾಕ್ತಾರಾ?"

"ಅಕ್ಕಾ, ನನ್ನ ಕೆಲ್ಸ ಹೋಯ್ತು!"

"ಅಳಬೇಡ. ಮೂಲೇಲಿ ನಿನ್ನ ಭಾವಮೈದ ನಿಂತಿದಾನಲ್ಲ, ಅವನ ಹತ್ರ ಒಂದು ಕೇಳು."

ಭಾವಮೈದನೆಂದರೆ ತರಗತಿಯ ಹಳೆಯ ಅಸ್ಥಿಪಂಜರ. ಕಾಲೇಜು ಶುರುವಾದಾಗಿನಿಂದ ಅಲ್ಲೇ ಇತ್ತು. ಎಲ್ಲಿಂದ ಬಂತೋ ಯಾರಿಗೂ ಗೊತ್ತಿರಲಿಲ್ಲ. ಅಟೆಂಡರ್ ಅದರ ಹೆಗಲಿಗೆ ಕೊಡೆ ತೂಗುಹಾಕುತ್ತಿದ್ದ. ಎಡಗಾಲು ಗಿಡ್ಡವೆಂದು ಆ ಪಾದದಡಿ ಮರದ ತುಂಡೊಂದನ್ನೂ ಇಟ್ಟಿದ್ದ.

ಅವನು ಎಡತೊಡೆಯ ತಂತಿ ಬಿಚ್ಚಿ ಮೂಳೆಯನ್ನು ಬೆಳಕಿಗೆ ಹಿಡಿದ. "ಅಕ್ಕಾ, ಇದು ಸೊಟ್ಟಗಿದೆ. ಮುರಿದು ಕೂಡಿರೋ ಗುರುತು ಬೇರೆ. ಸಿಕ್ಕಿಬೀಳ್ತೀನಿ."

"ನೂರು ವರ್ಷ ಮಣ್ಣಲ್ಲಿದ್ರೆ ನೀನೂ ಸೊಟ್ಟಗಾಗ್ತೀಯ. ಸ್ವಲ್ಪ ಮಣ್ಣು ಮೆತ್ತು, ನಡಿ."

ತಜ್ಞರು ಮೂಳೆಯನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ಅವರು ತಾವು ತಂದಿದ್ದ ಲಕೋಟೆ ಒಡೆದು, ಅಂದಿನ ಜೈಲು ವೈದ್ಯರ ದಾಖಲೆ ಓದಿದರು: "ಕುದುರೆಯಿಂದ ಬಿದ್ದು ಎಡತೊಡೆ ಮುರಿದು ಸೊಟ್ಟಗೆ ಕೂಡಿದೆ. ಆ ಕಾಲು ಒಂದೂಕಾಲು ಅಂಗುಲ ಗಿಡ್ಡ." ತಲೆಯೆತ್ತಿ, "ಅಂದ್ರೆ ಮೂರು ಪಾಯಿಂಟ್ ಎರಡು ಸೆಂಟಿಮೀಟರ್. ಅನುಮಾನವೇ ಇಲ್ಲ, ಇದು ಅವನದೇ! ಉಳಿದ ಮೂಳೆಗಳೂ ಸಿಕ್ಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು!" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಅಟೆಂಡರ್ ಕೊಂಚ ತಡವಾಗಿ ತಟ್ಟಿದ.

ಸಂಜೆ ಪ್ರಿನ್ಸಿಪಾಲರು ಸಹಿಗೆಂದು ಪೆನ್ನು ತೆಗೆಯುವಷ್ಟರಲ್ಲಿ ಅಂಗರಚನೆ ಪಾಠದ ಮೇಷ್ಟ್ರು ನುಗ್ಗಿ ಬಂದರು. "ಸಾರ್, ನಮ್ಮ ಅಸ್ಥಿಪಂಜರಕ್ಕೆ ಎಡತೊಡೇನೇ ಇಲ್ಲ! ಮೊಣಕಾಲನ್ನ ಸೊಂಟಕ್ಕೇ ಕಟ್ಟಿದಾರೆ!"

ಪ್ರಿನ್ಸಿಪಾಲರು ಬಾಗಿಲಲ್ಲಿ ಕಾದಿದ್ದ ಅಟೆಂಡರನತ್ತ ತಿರುಗಿದರು. "ಏನಯ್ಯಾ, ನಿನ್ನ ವಶದಲ್ಲಿದ್ದ ಮೂಳೆ ಎಲ್ಲಿ?"

ಅದು ಎದುರಿನ ಗಾಜಿನ ಪೆಟ್ಟಿಗೆಯಲ್ಲಿ, ತಜ್ಞರ ಪ್ರಮಾಣಪತ್ರದ ಪಕ್ಕದಲ್ಲೇ ಮಲಗಿತ್ತು. ಅಟೆಂಡರ್ ಅದನ್ನೇ ನೋಡುತ್ತ, "ನಾಯಿ ಕಚ್ಕೊಂಡು ಹೋಯ್ತು ಸಾರ್" ಎಂದ.

ಪ್ರಿನ್ಸಿಪಾಲರು ಪೆನ್ನಿನ ಕ್ಯಾಪ್ ಹಾಕಿದರು. "ಆ ಮೂಳೆ ಸಿಕ್ಕ ದಿನ ಬಾ. ಅವತ್ತೇ ಸಹಿ ಹಾಕ್ತೀನಿ."

ಅವನು ಕೊಡೆ ತೆಗೆದುಕೊಳ್ಳಲು ತರಗತಿಗೆ ಹೋದ. ಬಗ್ಗಿ, ಭಾವಮೈದನ ಪಾದದ ಕೆಳಗಿದ್ದ ಮರದ ತುಂಡನ್ನೆತ್ತಿ, ಸ್ಕೇಲಿಟ್ಟು ಅದರ ದಪ್ಪ ಅಳೆದ.

3.2 ಸೆಂಟಿಮೀಟರ್.