ಗುರು, ಲಘು ಮತ್ತು ಎಕ್ಸ್‌ಕ್ಯೂಸ್ ಮಿ

"ಈ ಬುಧವಾರ ನಿನ್ನ ಜೊತೆ ವಾಲ್ಟ್ಸ್ ಕುಣಿಯದಿದ್ದರೆ ನಾನು ಶ್ರೀಕಂಠಯ್ಯನೇ ಅಲ್ಲ!"

ಕಡಲಾಚೆಯ ಮಾಸನ್ ಲೇಕ್ಸ್‌ನಲ್ಲಿ ಮಗಳ ಮನೆಯ ಗ್ಯಾರೇಜಿನೊಳಗೆ ನಿಂತು ನಿವೃತ್ತ ಕನ್ನಡ ಮೇಷ್ಟ್ರು ಹೆಂಡತಿಯೆದುರು ಹೀಗೆ ಭೀಷ್ಮಪ್ರತಿಜ್ಞೆ ಮಾಡಿದರು. ಕಾರಣವಿತ್ತು. ನಲವತ್ತು ವರ್ಷಗಳ ಹಿಂದೆ ಅವರು ಕೆ.ಜಿ.ಎಫ್.ನ ಶಾಲೆಗೆ ಹೊಸದಾಗಿ ಸೇರಿದ್ದಾಗ, ಶನಿವಾರ ಸಂಜೆ ಗಣಿಯ ಕ್ಲಬ್ಬಿನಲ್ಲಿ ಬ್ಯಾಂಡು ಮೊಳಗುತ್ತಿತ್ತು. ಮರದ ನೆಲದ ಮೇಲೆ ಜೋಡಿಗಳು ಬುಗುರಿಯಂತೆ ತಿರುಗುತ್ತಿದ್ದವು. ಕಿಟಕಿಯ ಹೊರಗೆ ನಿಂತ ಹೊಸ ಹೆಂಡತಿ, "ರೀ, ನಾವೂ ಒಳಗೆ ಹೋಗೋಣ್ವಾ?" ಎಂದಿದ್ದಳು. "ಮೇಷ್ಟ್ರು ಕುಣಿದ್ರೆ ಮಕ್ಕಳು ಪಾಠ ಕೇಳ್ತಾರಾ? ನಡಿ!" ಎಂದು ಎಳೆದುಕೊಂಡು ಬಂದಿದ್ದರು. ಆ ಬ್ಯಾಂಡು ಮಾತ್ರ ಅವರ ಕಿವಿಯಲ್ಲಿ ಇಂದಿಗೂ ನಿಂತಿರಲಿಲ್ಲ.

ಅದೇ ನಗರದ ಕಡಲತೀರದ ಗ್ಲೆನೆಲ್ಗ್‌ನ ಸಭಾಂಗಣವೊಂದರಲ್ಲಿ ಹಳೆಯ ಕಾಲದ ಜೋಡಿ ನೃತ್ಯ ಈಗಲೂ ಬುಧವಾರ ಮಧ್ಯಾಹ್ನದ ಹೊತ್ತು ನಡೆಯುತ್ತದೆಂದು ಮಗಳು ವೇದಾ ಹೇಳಿದ್ದೇ ತಡ, ಅಭ್ಯಾಸ ಶುರು!

"ವಾಲ್ಟ್ಸ್ ಅಂದ್ರೆ ಭಗಣ ಕಣೇ! ಒಂದು ಗುರು, ಎರಡು ಲಘು. ಗುರುವಿಗೆ ಕಾಲು ಊರು, ಲಘುವಿಗೆ ತೇಲಿಸು!"

"ನನ್ನ ಕಾಲಿಗೆ ಛಂದಸ್ಸು ಬರಲ್ಲ ರೀ," ಎಂದರು ಸುಲೋಚನಮ್ಮ, ಸೀರೆಯ ನೆರಿಗೆ ಎತ್ತಿ ಕ್ಯಾನ್ವಾಸ್ ಶೂ ಕಟ್ಟಿಕೊಳ್ಳುತ್ತಾ.

ಬುಧವಾರ ಬಂತು. ಸಭಾಂಗಣದ ವೇದಿಕೆಯ ಮೇಲಿದ್ದವರು ಮೈಕ್ ಹಿಡಿದು, "ಎಕ್ಸ್‌ಕ್ಯೂಸ್ ಮಿ ವಾಲ್ಟ್ಸ್!" ಎಂದು ಸಾರಿದರು.

"ನೋಡು, ಕ್ಷಮೆ ಕೇಳಿ ಮಾತಾಡ್ತಾರೆ. ಎಂಥ ವಿನಯ!" ಎಂದು ಮೇಷ್ಟ್ರು ಮೆಚ್ಚಿಕೊಂಡರು.

ಮೂರು ಹೆಜ್ಜೆ ಹಾಕಿರಬೇಕು, ಆರಡಿಯ ಅಜ್ಜನೊಬ್ಬ ಅವರ ಹೆಗಲು ತಟ್ಟಿ, "ಎಕ್ಸ್‌ಕ್ಯೂಸ್ ಮಿ, ಮೇಟ್," ಎಂದ. ಹಾಗೆಂದವರಿಗೆ ದಾರಿ ಬಿಡಬೇಕೆಂದು ಮೂವತ್ತೈದು ವರ್ಷ ಮಕ್ಕಳಿಗೆ ಕಲಿಸಿದ ಮೇಷ್ಟ್ರು, "ಸಾರಿ, ಸಾರಿ!" ಎನ್ನುತ್ತಾ ಪಕ್ಕಕ್ಕೆ ಸರಿದರು. ದಾಟಿಕೊಂಡು ಹೋಗಿದ್ದು ಅಜ್ಜನೊಬ್ಬನೇ ಅಲ್ಲ, ಅವನ ಕೈ ಹಿಡಿದು ಸುಲೋಚನಮ್ಮನೂ! ಗಿರಗಿರನೆ!

"ವೇದಾ! ನಿಮ್ಮಮ್ಮ!"

ಗೋಡೆಯ ಪಕ್ಕ ಕುಳಿತು ಟೀ ಕುಡಿಯುತ್ತಿದ್ದ ಮಗಳಿಗೆ ನಗು ತಡೆಯಲಾಗದೆ ಕೆಮ್ಮು ಬಂತು. "ಅಪ್ಪಾ, ಅದು ಈ ಡ್ಯಾನ್ಸಿನ ರೂಲು! ಎಕ್ಸ್‌ಕ್ಯೂಸ್ ಮಿ ಅಂದವರಿಗೆ ಜೋಡಿ ಬಿಟ್ಟುಕೊಡ್ಬೇಕು. ನೀವೂ ಹೋಗಿ ಹಾಗೇ ಕೇಳಿ, ಅಮ್ಮನ್ನ ವಾಪಸ್ ಕರ್ಕೊಳ್ಳಿ."

"ತಾಳಿ ಕಟ್ಟಿದವನು ನಾನು! ನಾನ್ಯಾಕೆ ಕೇಳ್ಬೇಕು?"

"ಹಾಗಾದ್ರೆ ಇಲ್ಲೇ ಕೂತು ಬಿಸ್ಕತ್ತು ತಿನ್ನಿ."

ಬಿಸ್ಕತ್ತು ತಿನ್ನಲು ನಲವತ್ತು ವರ್ಷ ಕಾದಿದ್ದರೇ? ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡು ರಣರಂಗಕ್ಕೆ ಧುಮುಕಿದರು. ತಲುಪುವಷ್ಟರಲ್ಲಿ ಸುಲೋಚನಮ್ಮ ಎರಡನೆಯ ಅಜ್ಜನ ಬಳಿ. ಅಲ್ಲಿಗೆ ಓಡಿದರೆ ಮೂರನೆಯವನ ಬಳಿ! ಕಡೆಗೆ, ಹೆಗಲು ಎಟುಕದೆ ಅವನ ಮೊಣಕೈ ತಟ್ಟಿ, ಕೊನೆಯ ಬೆಂಚಿಗೂ ಕೇಳಿಸುವ ದನಿಯಲ್ಲಿ, "ಎಕ್ಸ್‌ಕ್ಯೂಸ್ ಮಿ!" ಎಂದು ಗರ್ಜಿಸಿದರು. ಅಜ್ಜ ಬೆಚ್ಚಿ ಕೈಬಿಟ್ಟ.

ಅಂತೂ ಹೆಂಡತಿ ಕೈಗೆ ಸಿಕ್ಕಳು. ವಾದ್ಯ ಇನ್ನೂ ನಿಂತಿರಲಿಲ್ಲ.

"ಅದು ಅವರಿಗೆ ಹೇಳಿದ್ದಾಯ್ತು. ನನಗೆ?" ಎಂದರು ಸುಲೋಚನಮ್ಮ.

"ನಿನಗೇನೇ?"

"ಆವತ್ತು ಕಿಟಕಿ ಹತ್ರದಿಂದ ಎಳ್ಕೊಂಡು ಬಂದ್ರಲ್ಲ, ಅದಕ್ಕೆ."

ಮೇಷ್ಟ್ರು ಹೆಂಡತಿಯ ಕಿವಿಯ ಬಳಿ ಬಾಗಿದರು. ಮೆಲ್ಲಗೆ, "ಎಕ್ಸ್‌ಕ್ಯೂಸ್ ಮಿ, ಸುಲೋಚನಾ," ಎಂದರು.

"ಆಯ್ತು ಬಿಡಿ. ಈಗ ನಿಮ್ಮ ಗುರುವನ್ನ ನನ್ನ ಲಘು ಮೇಲಿಂದ ತೆಗೀರಿ. ಬೆರಳು ಅಪ್ಪಚ್ಚಿ ಆಗ್ತಿದೆ!"