ಬಾಳೆಕಂದು ಕಟ್ಟಿದ ಕಾರು, ಲಂಕೆಯ ಗಣಪ್ಪ

ಕಾಡಾನೆಯನ್ನು ಕಾಡಿನಲ್ಲೇ, ಅದೂ ಹೊರದೇಶದ ಕಾಡಿನಲ್ಲಿ, ಕಾರಿನಲ್ಲಿ ಠೀವಿಯಿಂದ ಕೂತು ನೋಡಿಕೊಂಡೇ ಬರುತ್ತೇನೆಂದು ರಾಜಾಜಿನಗರದ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ನಿಂತು ಘೋಷಿಸಿಬಿಟ್ಟೆ! ನನ್ನ ಪಕ್ಕದ ಮೇಜಿನ ಗುಮಾಸ್ತ ಉಗ್ರಪ್ಪ ಕಾಫಿ ಆರಿಸಿಕೊಳ್ಳುತ್ತಾ ಕೇಳಿದ: "ಕುರುಬರಹಳ್ಳಿ ಹೊಲದಲ್ಲಿ ನರಿ ಕೂಗಿದ್ರೆ ಕಿಟಕಿ ಹಾಕ್ಕೊಳ್ತೀರಂತೆ. ನೀವು ಆನೆ ನೋಡ್ತೀರಾ ಸಾರ್?"

"ಅದು ಚಳಿಗೆ ಹಾಕ್ಕೊಂಡಿದ್ದು ಕಣಯ್ಯಾ!" ಎಂದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಹೆಂಡತಿ ಶಿವಗಂಗಮ್ಮನ ತಮ್ಮ ರೇವಣಸಿದ್ದಯ್ಯ ಸಿಲೋನಿನ ಕ್ಯಾಂಡಿಯಲ್ಲಿ, ಟೀ ತೋಟದ ಆಫೀಸೊಂದರಲ್ಲಿ ಕೆಲಸಕ್ಕಿದ್ದ. ಹಳೆಯದೊಂದು ಆಸ್ಟಿನ್ ಕಾರು ಕೊಂಡಿದ್ದ. 1955ರ ನವರಾತ್ರಿಗೆ ಅಕ್ಕ, ಭಾವ ಬರಲೇಬೇಕೆಂದು ಹಟ ಹಿಡಿದಿದ್ದ. ರೈಲು ಹತ್ತಿ, ಹಡಗು ಹತ್ತಿ, ಮತ್ತೆ ರೈಲು ಹತ್ತಿ ಹೋದೆವು. ಹಡಗಿನಲ್ಲಿ ನನ್ನ ಹೊಟ್ಟೆಗೆ ಏನಾಯಿತೆಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ.

ಆಯುಧಪೂಜೆಯ ದಿನ ಕಾರಿನ ಅಲಂಕಾರದ ಯಜಮಾನಿಕೆ ನನ್ನದೇ. ಮುಂದುಗಡೆ ಎರಡೂ ಪಕ್ಕಕ್ಕೆ ಆಳೆತ್ತರದ ಬಾಳೆಕಂದು, ಅದಕ್ಕೆ ಜೋಡಿಯಾಗಿ ಕಬ್ಬಿನ ಜಲ್ಲೆ, ಬಾನೆಟ್ಟಿನ ಮೇಲೆ ಚೆಂಡುಹೂವಿನ ಹಾರ! ಬೂದುಗುಂಬಳಕಾಯಿ ಒಡೆದು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿದ್ದೂ ಆಯಿತು. ಮಾರನೆಯ ದಿನ ರೇವಣಸಿದ್ದಯ್ಯನಿಗೆ ರಜೆಯಿರಲಿಲ್ಲ. "ನೀನು ಆಫೀಸಿಗೆ ಹೋಗಯ್ಯಾ. ನಿಮ್ಮಕ್ಕಂಗೆ ನಾನೇ ಕಾರಲ್ಲಿ ಕಾಡು ತೋರಿಸ್ಕೊಂಡು ಬರ್ತೀನಿ" ಎಂದೆ.

ಅವನ ಮುಖ ಸಣ್ಣಗಾಯಿತು. "ಓಡ್ಸಕ್ಕೆ ಬರತ್ತಾ ಭಾವ ನಿಮ್ಗೆ?"

"ಮಾಗಡಿ ರೋಡಿನಲ್ಲಿ ಕಾರ್ಖಾನೆ ವ್ಯಾನು ಓಡಿಸಿದ ಕೈ ಕಣೋ ಇದು!"

ಆಗ ಪಕ್ಕದಲ್ಲಿ ಡ್ರೈವರು ಕೂತಿದ್ದ, ರಸ್ತೆಯಲ್ಲಿ ಯಾರೂ ಇರಲಿಲ್ಲ ಎಂಬುದನ್ನು ಹೇಳಲಿಲ್ಲ.

"ಹಂಗಾದ್ರೆ ಬಾಳೆಕಂದಾದ್ರೂ ಬಿಚ್ಚಿಬಿಡೋಣ ಭಾವ. ಕಾಡು ದಾರಿ."

"ಬಿಚ್ಚೋದಾ! ಮೈಸೂರು ಸೀಮೆ ಹಬ್ಬ ಅಂದ್ರೇನು ಅಂತ ಲಂಕೆಯೋರು ನೋಡ್ಲಿ!"

ಕಾರು ಹತ್ತಿದ ಶಿವಗಂಗಮ್ಮ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಎಚ್ಚರಿಸಿದಳು: "ಹೊಟ್ಟೆಬಟ್ಟೆ ಕಟ್ಟಿ ತಗೊಂಡಿರೋ ಕಾರು ರೀ. ಒಂದು ಗೀರು ಬಿದ್ರೂ ತವರಿನೋರ ಮುಂದೆ ನಾನು ತಲೆ ಎತ್ತಂಗಿಲ್ಲ. ನೆನಪಿರ್ಲಿ."

ದಾರಿಯ ಸೊಗಸನ್ನು ಏನೆಂದು ಹೇಳಲಿ! ಟೀ ತೋಟದ ಗುಡ್ಡಗಳು ಇಳಿದಿಳಿದು ಬಯಲಾದವು. ತಾವರೆ ತುಂಬಿದ ಕೆರೆಗಳು, ಏರಿಯ ಮೇಲೆ ನವಿಲುಗಳು. ಎತ್ತಿನಗಾಡಿಯವರು ನಮ್ಮ ಕಾರನ್ನು ಕಂಡು ಮದುವೆಯ ದಿಬ್ಬಣವೆಂದುಕೊಂಡು ನಕ್ಕರು. ನಾನೂ ಮದುವಣಿಗನ ಗತ್ತಿನಲ್ಲಿ ಕೈ ಬೀಸಿದೆ. ಒಂದು ಕಡೆ ಮಾರುದ್ದದ ಉಡ ರಸ್ತೆ ದಾಟಿತು.

"ಅಯ್ಯೋ, ಮೊಸಳೆ!"

"ಉಡ ಕಣೇ."

"ನಮ್ಮ ಕೆಂಗೇರಿ ಉಡ ಹಿಂಗಿರಲ್ಲ ಬಿಡಿ" ಎಂದು ಅವಳು ಕಾಲು ಮೇಲೆತ್ತಿ ಕೂತಳು. ನಾನು ಗಹಗಹಿಸಿ ನಕ್ಕೆ. ಆ ಪ್ರಯಾಣದಲ್ಲಿ ನಾನು ನಕ್ಕದ್ದು ಅದೇ ಕೊನೆ.

ಕಾಡಿನ ನಡುವೆ ಒಂದು ತಿರುವು. ತಿರುವಿನಾಚೆ ರಸ್ತೆಗೆ ಅಡ್ಡವಾಗಿ ಆನೆ! ನಾನು ಉಸಿರು ನಿಲ್ಲಿಸಿದೆ. ಎಂಜಿನ್ನೂ ನನ್ನ ಜೊತೆಗೇ ನಿಲ್ಲಿಸಿತು.

"ರೀ, ಆನೆ!"

"ಕಾಣ್ತಾ ಇದೆ ಕಣೇ."

"ಕಣ್ಣು ಮುಚ್ಕೊಂಡ್ರೆ ಹೆಂಗೆ ಕಾಣತ್ತೆ?"

ಆನೆ ನನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದರ ನೋಟ ಬಾಳೆಕಂದಿನ ಮೇಲೆ ನೆಟ್ಟಿತ್ತು. ಆಗ ಹೊಳೆಯಿತು ನೋಡಿ ನನ್ನ ಬುದ್ಧಿಗೆ! ಕ್ಯಾಂಡಿಯಿಂದ ಇಲ್ಲಿಯವರೆಗೆ ಆನೆಗೆ ಹಬ್ಬದೂಟ ಹೊತ್ತು ತಂದು, ಅದರ ಮುಂದೆಯೇ ಬಡಿಸಿಟ್ಟಿದ್ದೆ.

ಆನೆ ಸಾವಕಾಶವಾಗಿ ಬಂತು. ಎಡಗಡೆಯ ಬಾಳೆಕಂದು ಎಳೆಯಿತು. ದಾರ ಪಟ್ಟೆಂದು ಹರಿಯಿತು, ಕಾರು ತೊಟ್ಟಿಲಿನಂತೆ ತೂಗಿತು. ಬಲಗಡೆಯದೂ ಹೋಯಿತು. ಕಬ್ಬು ಅಗಿಯಿತು, ಚೆಂಡುಹೂವಿನ ಹಾರವನ್ನು ಉಪ್ಪಿನಕಾಯಿಯಂತೆ ನೆಂಚಿಕೊಂಡಿತು. ಅಷ್ಟರಲ್ಲಿ ನಾನು ಸ್ಟೀರಿಂಗಿನ ಕೆಳಗೆ ಮುದುಡಿ ಕೂತಿದ್ದೆ. ಉಡಕ್ಕೆ ಹೆದರಿದ ನನ್ನ ಹೆಂಡತಿಯೋ, ಪ್ರಸಾದದ ಪುರಿ ಬೆಲ್ಲ ತೆಗೆದು ಕಿಟಕಿಯಿಂದ ಎಸೆಯುತ್ತಾ, "ಗಣಪ್ಪಾ, ನಮ್ಮಪ್ಪಾ, ತಿಂದ್ಕೊಂಡು ಹೋಗು. ಕಾರಿಗೆ ಮಾತ್ರ ಏನೂ ಮಾಡ್ಬೇಡ!" ಎಂದು ಬೇಡಿಕೊಳ್ಳುತ್ತಿದ್ದಳು. ಕಾರಿಗೆ ಮಾತ್ರ! ಗಂಡನ ಮಾತೇ ಇಲ್ಲ!

ಆನೆ ಪುರಿಯನ್ನೂ ಒಂದಿಷ್ಟು ರುಚಿ ನೋಡಿ ಕಾಡಿಗೆ ಸರಿಯಿತು. ಇಳಿದು ಸುತ್ತ ನೋಡಿದೆ. ಗಾಜಿನ ಮೇಲೆ ಒಂದಿಷ್ಟು ಜೊಲ್ಲು ಬಿಟ್ಟರೆ ಒಂದೇ ಒಂದು ಗೀರಿಲ್ಲ! "ನೋಡ್ದಾ ನನ್ನ ಡ್ರೈವಿಂಗು!" ಎಂದು ಎದೆಯುಬ್ಬಿಸಿದೆ.

ಪೊದೆಯಲ್ಲಿ ಲಟಕ್ಕೆಂದು ಕೊಂಬೆ ಮುರಿಯಿತು. ಒಂದೇ ನೆಗೆತಕ್ಕೆ ಕಾರಿನೊಳಗಿದ್ದೆ! ಎಂಜಿನ್ ಚಾಲೂ ಮಾಡಿ, ಗೇರು ಹಿಂದಕ್ಕೆ ಹಾಕಿ, ಇದ್ದಬದ್ದ ಶಕ್ತಿಯೆಲ್ಲ ಕಾಲಿಗೆ ತಂದು ಒತ್ತಿದೆ. ಧಡ್! ರಸ್ತೆಬದಿಯಲ್ಲಿ ಬೆಳ್ಳಗೆ ನಿಂತಿದ್ದ ಮೈಲಿಗಲ್ಲಿಗೆ ಕಾರಿನ ಬೆನ್ನು ಅಪ್ಪಳಿಸಿತು. ಪೊದೆಯಿಂದ ಕೋತಿಯೊಂದು ಹೊರಬಂದು ಉಳಿದ ಪುರಿ ಆರಿಸತೊಡಗಿತು.

ಡಿಕ್ಕಿ ನೆಗ್ಗಿಹೋಗಿತ್ತು. ಶಿವಗಂಗಮ್ಮ ಕ್ಯಾಂಡಿಯವರೆಗೂ ತುಟಿ ಬಿಚ್ಚಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆ ಮೌನದಲ್ಲೇ ನಾನೊಂದು ಕಥೆ ಹೆಣೆದೆ.

ಗೇಟಿನಲ್ಲಿ ಕಾಯುತ್ತಿದ್ದ ರೇವಣಸಿದ್ದಯ್ಯ ಬಾಯಿ ತೆರೆಯುವ ಮುಂಚೆಯೇ ಶುರುಮಾಡಿದೆ: "ಜೀವ ಉಳಿದಿದ್ದೇ ಹೆಚ್ಚು ಕಣೋ! ಕಾಡಾನೆ! ಹಿಂದಿನಿಂದ ಬಂದು ಗುದ್ದೇಬಿಡ್ತು! ಬೇರೆ ಯಾರಾದ್ರೂ ಓಡಿಸ್ತಿದ್ರೆ ನಿನ್ನ ಕಾರು ಇವತ್ತು ಗುಜರಿ!"

ಅವನು ಗಾಬರಿಯಾಗಿ ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಆಮೇಲೆ ಬಗ್ಗಿ, ನೆಗ್ಗಿದ ಜಾಗದ ಮೇಲೆ ಬೆರಳಾಡಿಸಿದ. ಬೆರಳು ಬೆಳ್ಳಗಾಯಿತು.

"ಭಾವ," ಎಂದ ವಿನಯದಿಂದ, "ಆ ಕಡೆ ಆನೆಗಳಿಗೂ ಸುಣ್ಣ ಬಳೀತಾರಾ?"

ನಾನು ಶಿವಗಂಗಮ್ಮನ ಮುಖ ನೋಡಿದೆ. ಅವಳು ಕೊನೆಗೂ ತುಟಿ ಬಿಚ್ಚಿದಳು.

"ಚೌತಿ ಚಂದ್ರನ್ನ ನೋಡಿದೋರ ಮೇಲೆ ಗಣಪ್ಪ ಅಪವಾದ ಹೊರಿಸ್ತಾನೆ ಅಂತ ಕೇಳಿದ್ದೆ ಕಣೋ ರೇವಣ್ಣ. ಗಣಪ್ಪನ ಮೇಲೇ ಅಪವಾದ ಹೊರಿಸೋ ಗಂಡಸನ್ನ ಇವತ್ತೇ ನೋಡಿದ್ದು!"