ರವಿವಾರ ನಮ್ಮಲ್ಲೇ ಊಟ

ಪತ್ರ ಬರೆಯುವುದರಲ್ಲಿ ಇಂಡಿ ತಾಲ್ಲೂಕಿನಲ್ಲೇ ನನಗೆ ಹೆಸರಿತ್ತು ಎಂದು ನಾನೇ ಹೇಳಿಕೊಳ್ಳಬೇಕಾಗಿದೆ, ಏಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ನಮ್ಮ ಕಡೆ ಪತ್ರವೆಂದರೆ ಮೊದಲು ಆರಾಮ ಕೇಳಬೇಕು, ಕೊನೆಗೆ ಊಟಕ್ಕೆ ಕರೆಯಬೇಕು. ಕರೆದವರೂ ಮರೆಯುತ್ತಾರೆ, ಕರೆಸಿಕೊಂಡವರೂ ಮರೆಯುತ್ತಾರೆ, ಯಾರಿಗೂ ತೊಂದರೆಯಿಲ್ಲ.

ಈಚೆಗೆ ನನ್ನ ನಿಂಬೆ ಸಸಿಗಳ ನರ್ಸರಿಗೆ ದೂರದೂರದಿಂದ ಈಮೇಲ್ ಬರತೊಡಗಿದವು. ಒಂದೇ ಬೆರಳಲ್ಲಿ ಅಕ್ಷರ ಕುಟ್ಟಿ ಕುಟ್ಟಿ ಸಾಕಾಗಿ, ಉತ್ತರ ಬರೆಯುವ ಕೆಲಸವನ್ನು ಎಐಗೆ ಒಪ್ಪಿಸಿದೆ. ಬಂದ ಪತ್ರ ಪೂರ್ತಿ ಓದು, ಅವರವರ ಮನೆಯ ವಿಷಯ ಹಿಡಿದು ಕ್ಷೇಮ ಕೇಳು, ಕೊನೆಗೆ ಊಟಕ್ಕೆ ಕರೆ ಎಂದು ತಾಕೀತು ಮಾಡಿದೆ. ಅದು ಬರೆದದ್ದನ್ನು ಓದಿ ನನಗೇ ನನ್ನ ಮೇಲೆ ಗೌರವ ಹೆಚ್ಚಾಯಿತು. ಸಿಂದಗಿಯ ನಮ್ಮ ಬೀಗರಿಗೆ ಫೋನಿನಲ್ಲಿ ನಾಲ್ಕು ಪತ್ರ ಓದಿದೆ. ನಾಲ್ಕನೆಯದರ ಹೊತ್ತಿಗೆ ಅವರು ‘ಹೌದ್ರಿ’ ಅನ್ನುವುದನ್ನೂ ನಿಲ್ಲಿಸಿದ್ದರು. ಕ್ರಮೇಣ ನಂಬಿಕೆ ಎಷ್ಟು ಬೆಳೆಯಿತೆಂದರೆ, ಮೊದಲ ಸಾಲು ಓದಿ, ಮೆಚ್ಚಿ, ಕಳಿಸಿಬಿಡುತ್ತಿದ್ದೆ.

ಹೀಗಿರುವಾಗ ಒಂದು ರವಿವಾರ ಮಧ್ಯಾಹ್ನ ಮನೆ ಮುಂದೆ ಕಾರು ನಿಂತಿತು. ಸಸಿ ಬೇಕೆಂದು ಬರೆದಿದ್ದ ತುಮಕೂರಿನ ಗಿರಾಕಿ, ಅವರ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ ಇಳಿದರು. ಊಟಕ್ಕೆ ಕರೆದಿದ್ದೀರಲ್ಲ ಎಂದು ಗಿರಾಕಿ ಫೋನ್ ತೋರಿಸಿದರು. ನನ್ನ ಹೆಸರಿನಲ್ಲಿ ಹೋದ ಆ ಪತ್ರದ ಕೊನೆಯನ್ನು ನಾನು ಓದಿದ್ದು ಆಗಲೇ: ‘ರವಿವಾರ ನಮ್ಮೂರ ಪಕ್ಕದ ಝಳಕಿ ದಾರಿಯಲ್ಲಿ ಹೋಗುವವರು ನಮ್ಮಲ್ಲೇ ಊಟ ಮಾಡಬೇಕು. ತಾಯಿಯವರಿಗೆ ಹಲ್ಲುನೋವು ಎಂದಿದ್ದೀರಿ. ಅವರಿಗೆ ಮೆತ್ತನೆಯ ಬಿಸಿ ರೊಟ್ಟಿ ಮಾಡಿಸುತ್ತೇವೆ.’

ಕರೆದು ಉಪವಾಸ ಕಳಿಸಿದ ಮನೆ ಎಂದು ತುಮಕೂರಿನ ತನಕ ಹೆಸರಾದರೆ ನಾನು ತಲೆ ಎತ್ತಿ ತಿರುಗುವುದು ಹೇಗೆ? ಒಳಗೆ ಇದ್ದದ್ದು ಇಬ್ಬರ ಅಡುಗೆ. ಹೆಂಡತಿಗೆ ಮೆಲ್ಲಗೆ ವಿಷಯ ತಿಳಿಸಿದೆ. ಆಕೆ ಕೆನ್ನೆಗೆ ಕೈ ಹಚ್ಚಿ ನನ್ನನ್ನೊಮ್ಮೆ ನೋಡಿದಳು. ಆಶ್ಚರ್ಯಕ್ಕೆ ಇರಬೇಕು ಅಂದುಕೊಂಡೆ. ಆಮೇಲೆ ಜೋಳದ ಹಿಟ್ಟು ನಾದಲು ಕೂತಳು. ಒಂದು ತಾಸಿನಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಎಲ್ಲ ತಟ್ಟೆಗೆ ಬಂದವು.

ಉಂಡೆದ್ದ ಅಜ್ಜಿ ನನ್ನ ಕೈ ಹಿಡಿದುಕೊಂಡರು. “ಮನೆಗೆ ಬನ್ನಿ ಅನ್ನೋರು ಬೇಕಾದಷ್ಟು ಜನ. ನನ್ನ ಹಲ್ಲುನೋವು ನೆನಪಿಟ್ಟೋನು ನೀನೊಬ್ಬನೇ ಕಣಪ್ಪ.”

ಸತ್ಯ ಹೇಳಬೇಕಿತ್ತು. ಹೇಳಲಿಲ್ಲ. ಹೆಮ್ಮೆಯಿಂದ ಎದೆ ಉಬ್ಬಿತ್ತು, ಸತ್ಯಕ್ಕೆ ಅಲ್ಲಿ ಜಾಗವಿರಲಿಲ್ಲ. ಸಸಿಗಳನ್ನು ಕಾರಿಗೇರಿಸಿ, ಇನ್ನೊಮ್ಮೆ ಬರ್ರಿ ಎಂದು ಧಾರಾಳವಾಗಿ ಕರೆದು, ಅದೇ ಉಬ್ಬಿದ ಎದೆಯಲ್ಲಿ ಒಳಗೆ ಬಂದೆ.

“ಎಂಟು ದಿನ ಆತು, ಹಲ್ಲು ನೋಯಾಕತ್ತೈತಿ ಅಂತ ನಾನೂ ಹೇಳಾಕತ್ತೇನಿ,” ಎಂದಳು ಹೆಂಡತಿ. “ನಿಮ್ಮ ಈಮೇಲ್ ಅಡ್ರೆಸ್ ಕೊಡ್ರಿ.”

ಮರುದಿನ ಬೆಳಿಗ್ಗೆಯೇ ದವಾಖಾನೆಗೆ ಕರೆದುಕೊಂಡು ಹೋದೆ. ಪಾಳಿಗೆ ಕಾಯುತ್ತ ಕೂತಾಗ ಬೀಗರ ಫೋನು ಬಂತು. ಊದಿದ ಕೆನ್ನೆಯ ಹೆಂಡತಿಗೆ ಬಾಯಿ ಬಿಡಲಾಗದು ಎಂಬ ಧೈರ್ಯದ ಮೇಲೆ ತುಮಕೂರಿಗೆ ಕಳಿಸಿದ ಪತ್ರ ಓದಿ ಹೇಳಿದೆ, ಈ ಸಲ ಕೊನೆಯ ಸಾಲಿನ ತನಕ.